ಅಪ್ಪ ಕೇಳಿದ ಎಂಜಿನ್

ಹುಮನಾಬಾದಿನ ಗ್ಯಾರೇಜಿನಲ್ಲಿ ನಮ್ಮ ಕಾರಿನ ಎಂಜಿನ್ ಕಟಕಟ ಸದ್ದು ಮಾಡುತ್ತಿತ್ತು. ಮೆಕ್ಯಾನಿಕ್ ಸಲೀಂ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿಯಿಟ್ಟು ದೋಷ ಎಲ್ಲಿದೆಯೆಂದು ಆಲಿಸಿದ. ಪಾಲಿಟೆಕ್ನಿಕ್‌ನಲ್ಲಿ ಅವನಿಗೆ ಅದನ್ನು ಕಲಿಸಿದ್ದು ನನ್ನಪ್ಪ. ತಪ್ಪು ಹೇಳಿದ ವಿದ್ಯಾರ್ಥಿಗಳನ್ನು ಸಂಜೆಯವರೆಗೂ ನಿಲ್ಲಿಸಿ ಮತ್ತೆ ಮತ್ತೆ ಸದ್ದು ಕೇಳಿಸುತ್ತಿದ್ದ ಮೇಷ್ಟ್ರು ಅವರು.

“ಸರ್, ನೀವೂ ಒಮ್ಮೆ ಕೇಳ್ರಿ” ಎಂದು ಸಲೀಂ ಸ್ಕ್ರೂಡ್ರೈವರನ್ನು ಅಪ್ಪನ ಕೈಗಿತ್ತ.

ಅಪ್ಪ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. “ಏನೂ ಆವಾಜ್ ಇಲ್ಲಪ್ಪಾ, ಸರಿ ಅದ” ಎಂದರು.

ಮೂರು ಹೆಜ್ಜೆ ದೂರ ನಿಂತಿದ್ದ ನನಗೇ ಕಟಕಟ ಕೇಳಿಸುತ್ತಿತ್ತು. ಸಲೀಂ ನನ್ನ ಮುಖ ನೋಡಿದ. “ಹೌದ್ರಿ ಸರ್, ಸರಿ ಅದ್ರಿ” ಎಂದು ಜೋರಾಗಿ ಹೇಳಿ ಬಾನೆಟ್ ಮುಚ್ಚಿಬಿಟ್ಟ.

ಬಸವಕಲ್ಯಾಣ ಮುಟ್ಟುವವರೆಗೂ ಅಪ್ಪ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ ಎಂಜಿನ್ನಿನ ಅದುರುವಿಕೆ ನೋಡುತ್ತಿದ್ದರು. ಮನೆ ಮುಂದೆ ಇಳಿಯುವಾಗ ಅವರು ಹೇಳಿದ ಒಂದು ಮಾತು ನನ್ನಲ್ಲಿ ಹಾಗೆಯೇ ಉಳಿದಿದೆ: “ಸುಳ್ಳು ಹೇಳೂದು ನಾ ಅವಂಗ ಕಲ್ಸಿದ್ದಿಲ್ಲ.”