ಎತ್ತರದ ಕಪಾಟುಗಳು

ಬಡಗಿಗೆ ಒಂದು ಚಟವಿತ್ತು: ಏನು ಮಾಡಿದರೂ ಎತ್ತರಕ್ಕೆ ಮಾಡುವುದು. ಅವನ ಮಂಚ ಹತ್ತಲು ಮುದುಕರು ಸ್ಟೂಲು ಹುಡುಕುತ್ತಿದ್ದರು. "ಊರಿಗೆಲ್ಲ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ" ಎಂದು ಹೆಂಡತಿ ಗೊಣಗುತ್ತಲೇ ಇದ್ದಳು.

ಅವರ ಒಬ್ಬಳೇ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಮನೆಯಲ್ಲಿ ಅವಳನ್ನು ಕರೆಯಬೇಕಾದರೆ ಲೈಟ್ ಹಾಕಿ ಆರಿಸುವುದು ರೂಢಿ. ಅವಳು ಓದುತ್ತಿದ್ದ ಕಿವುಡ ಮಕ್ಕಳ ಶಾಲೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಬೇರೆ ಹಾಳೆ ಇರಲಿಲ್ಲ. ಚರಂಡಿಯನ್ನೇ ಮುಚ್ಚದ ಬೀದಿಗೆ ಪುಸ್ತಕ ತಂದುಕೊಡುವ ಪುಣ್ಯಾತ್ಮರು ಯಾರು? ಬಡಗಿಯೇ ಮನೆಮನೆ ತಿರುಗಿ ಹಳೆಯ ಕಥೆಪುಸ್ತಕ ಬೇಡಿ ತಂದ. ಹೆಡ್ ಮೇಡಂ ಬೀದಿಬದಿಯ ಸಾಮಾನು ಕೋಣೆ ಬಿಟ್ಟುಕೊಟ್ಟರು. ಅದರಲ್ಲಿ ಸೂರು ಮುಟ್ಟುವ ಕಪಾಟುಗಳನ್ನು ಸಾಲಾಗಿ ನಿಲ್ಲಿಸಿ, ಬಾಗಿಲ ಹೊರಗೆ ದಪ್ಪ ಚಿಲಕ ಜಡಿದು, ಎದೆಯುಬ್ಬಿಸಿ ನಿಂತ.

ಮಕ್ಕಳು ಕಪಾಟುಗಳ ನಡುವೆ ಹೋಗಲೊಲ್ಲರು. ಅವರು ಮಾತಾಡುವುದು ಕೈಯಲ್ಲಿ. ನಡುವೆ ಮರದ ಗೋಡೆ ಬಂದರೆ ಗೆಳತಿಯ ಮಾತು ಕಾಣುವುದು ಹೇಗೆ? ಎಲ್ಲರೂ ಬಾಗಿಲ ಬಳಿಯೇ ಕೂತು ಪುಟ ತಿರುವುತ್ತಿದ್ದರು. ಒಳಗೆ ಹೋಗುತ್ತಿದ್ದವಳು ಅವನ ಮಗಳೊಬ್ಬಳೇ, ಅಪ್ಪ ಮಾಡಿದ್ದೆಂಬ ಅಭಿಮಾನಕ್ಕೆ.

ಒಂದು ಸಂಜೆ ಬೀಗ ಹಾಕುವ ಕೆಲಸ ಬಡಗಿಯ ಪಾಲಿಗೆ ಬಂತು. ಲೈಟ್ ಆರಿಸಿ, "ಒಳಗೆ ಯಾರಾದ್ರೂ ಇದೀರಾ?" ಎಂದು ಕೂಗಿದ. ಉತ್ತರ ಬರಲಿಲ್ಲ, ಕಪಾಟುಗಳ ಆಚೆ ಯಾರೂ ಕಾಣಲೂ ಇಲ್ಲ. ಬೀಗ ಜಡಿದು ಹೊರಟ. ಕಿವುಡ ಮಕ್ಕಳ ಶಾಲೆಯಲ್ಲಿ, ಕಿವುಡ ಮಗಳ ಅಪ್ಪ, ಕೂಗಿ ಕೇಳಿದ! ಆ ಬುದ್ಧಿಗೆ ಏನನ್ನೋಣ?

ಮನೆಯಲ್ಲಿ ಹೆಂಡತಿ, "ಮಗಳೆಲ್ಲಿ?" ಎಂದಾಗ ಅವನಿಗೆ ಕಪಾಟುಗಳ ನೆನಪಾಯಿತು. ಶಾಲೆಯತ್ತ ಓಡಿದ. ಕೋಣೆಯ ಕಿಟಕಿಯಲ್ಲಿ ಲೈಟ್ ಹತ್ತಿ ಆರುತ್ತಿತ್ತು.

"ಆಗಿಂದ ಹಂಗೇ ಮಿಣುಕ್ತಾ ಇದೆ ಕಣಣ್ಣ, ವೈರಿಂಗ್ ಕೆಟ್ಟಿರ್ಬೇಕು" ಎಂದ ಎದುರಂಗಡಿಯ ಟೈಲರ್.

ವೈರಿಂಗ್ ಅಲ್ಲ, ಮಗಳು ಕರೆಯುತ್ತಿದ್ದಾಳೆಂದು ಬಡಗಿಗೆ ಗೊತ್ತಾಯಿತು. ಬಾಗಿಲು ತೆರೆದ. ಬಡಿದು ಬಡಿದು ಅವಳ ಅಂಗೈ ಕೆಂಪಾಗಿತ್ತು. ತಪ್ಪಾಯಿತೆಂದು ಕೈಯಲ್ಲಿ ಹೇಳಹೋದರೆ ಅವಳು ಕಣ್ಣು ಮುಚ್ಚಿಕೊಂಡಳು. ಅವಳು ಕಣ್ಣು ಮುಚ್ಚಿದರೆ ಅಪ್ಪನ ಮಾತಿಗೆ ಬೇರೆ ದಾರಿಯೇ ಇಲ್ಲ.

ಮರುದಿನ ಹೆಡ್ ಮೇಡಂ, "ಕೋಣೆ ಮುಚ್ಚಿಬಿಡೋಣಪ್ಪ. ನಿಮ್ಮ ಮಗಳೇ ಕಾಲಿಡಲ್ಲ ಅಂತಾಳೆ, ಬೇರೆಯವರು ಮಕ್ಕಳನ್ನ ಕಳಿಸ್ತಾರಾ?" ಎಂದರು.

"ಸ್ವಲ್ಪ ತಡೀರಿ ಮೇಡಂ," ಎಂದು ಬಡಗಿ ಗರಗಸ ತಂದ. ಕಪಾಟುಗಳನ್ನೆಲ್ಲ ಮಗಳ ಎದೆಮಟ್ಟಕ್ಕೆ ಕೊಯ್ದ. ಕೈಯಾರೆ ಮಾಡಿದ್ದನ್ನು ಕೈಯಾರೆ ತುಂಡು ಮಾಡಿದ. ಆಮೇಲೆ ಚಿಲಕವನ್ನೂ ಕಿತ್ತ.

"ಪುಸ್ತಕ ಕದ್ದುಕೊಂಡು ಹೋದ್ರೆ?"

"ಹೋದ್ರೆ ಹೋಗ್ಲಿ ಬಿಡಿ ಮೇಡಂ."

ಮಗಳು ದಿನಾ ಹೊಸ್ತಿಲವರೆಗೆ ಬಂದು ಹಿಂದಿರುಗುತ್ತಿದ್ದಳು. ಬಡಗಿ ಶಾಲೆಯ ಅಂಗಳದಲ್ಲಿ ನಿಂತು ನೋಡುತ್ತಿದ್ದ. ಕೊನೆಗೊಂದು ಸಂಜೆ ಅವಳು ಚಿಲಕವಿದ್ದ ಜಾಗದ ತೂತುಗಳಲ್ಲಿ ಒಂದೊಂದಾಗಿ ಬೆರಳಿಟ್ಟು ನೋಡಿ, ಒಳಗೆ ಹೋದಳು. ಅವನು ಅಂಗಳದಲ್ಲೇ ಉಳಿದ. ಹಿಂದೆ ಹೋಗಲು ಅವನಿಗೆ ಮುಖವಿರಲಿಲ್ಲ.

ಕಿಟಕಿಯಲ್ಲಿ ಲೈಟ್ ಹತ್ತಿತು, ಆರಿತು, ಮತ್ತೆ ಹತ್ತಿತು. ಬಡಗಿ ಕಣ್ಣೊರೆಸಿಕೊಂಡು ಒಳಗೆ ಹೋದ.