ಜಾಲಪುಟವೂ ನನ್ನ ಪುಕ್ಕಲುತನವೂ

ನಾನು ಪುಕ್ಕಲಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಗ್ಯಾಸ್ ಒಲೆ ಹಚ್ಚುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತೇನೆ. ಟೆಲಿಫೋನ್ ಬಡಿದುಕೊಂಡರೆ ಕೆಟ್ಟ ಸುದ್ದಿಯೆಂದೇ ಎತ್ತುತ್ತೇನೆ; ಒಳ್ಳೆಯ ಸುದ್ದಿಯಾದರೆ ಒಂದು ಕ್ಷಣ ಪೆಚ್ಚಾಗುವುದೂ ಉಂಟು. ಇಂಥವಳಿಗೆ ದೇವರು ಬೇರೆ ಯಾವ ಕೆಲಸ ಕೊಟ್ಟಿದ್ದರೂ ನಡೆಯುತ್ತಿತ್ತು. ಕೊಟ್ಟದ್ದು ಪಾಠ ಹೇಳುವ ಕೆಲಸ. ಅದೂ ಚಿತ್ರ ಬರೆಯುವವರಿಗೆ ಕಂಪ್ಯೂಟರ್ ಕಲಿಸುವ ಕೆಲಸ.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ನಾನು ನಂಜನಗೂಡಿನವಳು. ಮೈಸೂರಿನಲ್ಲಿ ಆರು ತಿಂಗಳ ಕೋರ್ಸು ಮುಗಿಸಿ, ಜಾಲಪುಟ ಕಟ್ಟುವ ವಿದ್ಯೆಯನ್ನು ಒಂದು ದಪ್ಪ ಪುಸ್ತಕದ ಮೊದಲ ಮೂರು ಅಧ್ಯಾಯಗಳವರೆಗೆ ಸಂಪಾದಿಸಿದ್ದೆ. ನರಸೀಪುರದಲ್ಲಿ ಒಂದು ಸಣ್ಣ ಚಿತ್ರಕಲಾ ಶಾಲೆ. ಅದಕ್ಕೆ ಯಾರೋ ಪುಣ್ಯಾತ್ಮರು ನಾಲ್ಕು ಹಳೆಯ ಕಂಪ್ಯೂಟರ್ ದಾನ ಮಾಡಿದ್ದರು. ಅಲ್ಲಿನ ಪ್ರಿನ್ಸಿಪಾಲರು ಜಲವರ್ಣದಲ್ಲಿ ಹೊಳೆ ಬರೆದೇ ಆಯುಷ್ಯ ಕಳೆದವರು. ನನ್ನ ಸರ್ಟಿಫಿಕೇಟನ್ನು ಕೈ ಚಾಚಿ ಹಿಡಿದು, ಚಿತ್ರ ನೋಡುವ ಹಾಗೆ ದೂರದಿಂದ ನೋಡಿ, “ಗೋಡೆಗೆ ಚಿತ್ರ ನೇತು ಹಾಕೋ ಕಾಲ ಮುಗೀತು ಕಣಮ್ಮ. ಈ ಮಕ್ಕಳ ಚಿತ್ರ ಪ್ರಪಂಚಕ್ಕೆಲ್ಲ ಕಾಣೋ ಹಂಗೆ ಮಾಡು” ಎಂದರು. ಪ್ರಪಂಚ ಎಂಬ ಮಾತಿಗೇ ನನ್ನ ಅಂಗೈ ಬೆವರಿತು. ಆದರೂ ವಾರಕ್ಕೆ ಎರಡು ದಿನ ನರಸೀಪುರದ ಬಸ್ಸು ಹತ್ತತೊಡಗಿದೆ. ಬೇಡ ಎನ್ನಲು ಕೂಡ ಧೈರ್ಯ ಬೇಕಲ್ಲ.

ಚಿತ್ರ ಬರೆಯುವವರಲ್ಲಿ ಒಂದು ದುರ್ಗುಣವಿದೆ. ಅವರು ಖಾಲಿ ಹಾಳೆಗೆ ಹೆದರುವುದಿಲ್ಲ. ನಾನು ಯಾವ ಗುಂಡಿಯನ್ನು ಒತ್ತಬೇಡಿ ಎನ್ನುತ್ತಿದ್ದೆನೋ ಅದನ್ನೇ ಮೊದಲು ಒತ್ತಿ, ಏನಾಯಿತೆಂದು ಕುತೂಹಲದಿಂದ ನೋಡುತ್ತಿದ್ದರು. ಕಂಪ್ಯೂಟರಿನಲ್ಲಿ ಒಂದೊಂದು ಬಣ್ಣಕ್ಕೂ ಆರು ಅಂಕಿ ಅಕ್ಷರಗಳ ಒಂದು ನಂಬರು ಇರುತ್ತದೆಂದು ಹೇಳಿದ ದಿನ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: “ಮಿಸ್, ಮಳೆ ಬಿದ್ದ ಕೆಮ್ಮಣ್ಣಿಗೆ ಯಾವ ನಂಬರು?” ನಾಲ್ಕನೆಯ ಅಧ್ಯಾಯದಲ್ಲಿ ಬರುತ್ತದೆ ಎಂದೆ. ನಾಲ್ಕನೆಯ ಅಧ್ಯಾಯದಲ್ಲಿ ಏನು ಬರುತ್ತದೆಂದು ನನಗೂ ಗೊತ್ತಿರಲಿಲ್ಲ. ಇನ್ನೊಂದು ದಿನ, ಅಕ್ಷರ ಕೆಂಪಾಗಿಸಲು ತೆರೆದ ಟ್ಯಾಗ್ ಎಂಬ ಗುರುತನ್ನು ಮುಚ್ಚಲು ನಾನೇ ಮರೆತು, ಪುಟವೆಲ್ಲ ಮೇಲಿನಿಂದ ಕೆಳಗಿನವರೆಗೆ ಕೆಂಪು ದಪ್ಪಕ್ಷರವಾಗಿ ಕುಳಿತಾಗ, ಕರೆಂಟು ಸರಿಯಾಗಿ ಬರುತ್ತಿಲ್ಲ ಎಂದುಬಿಟ್ಟೆ. ಹೆದರುವವರ ಬಾಯಲ್ಲಿ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಕೆಮ್ಮಣ್ಣಿನ ನಂಬರು ಕೇಳಿದವಳು ನಾಗರತ್ನ. ಸೋಸಲೆಯವಳು, ಹತ್ತೊಂಬತ್ತು ವರ್ಷ. ಅವಳ ತಂದೆ ಚಿಕ್ಕಮಾದಯ್ಯ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಹುಡುಗಿಗೆ ಮಾತು ಕಡಿಮೆ, ಪೆನ್ಸಿಲ್ ಹೆಚ್ಚು. ಬರೆದದ್ದೆಲ್ಲ ಮನೆಯವರನ್ನೇ: ರಾಗಿ ಕೇರುವ ಅವ್ವ, ಎಲೆಯಡಿಕೆ ಚೀಲ ತಡಕುವ ಅಜ್ಜಿ, ಕಂಬದ ಮೇಲಿರುವ ಅಪ್ಪ. ಜೊತೆಗೆ ಕನ್ನಡಿ ನೋಡಿಕೊಂಡು ಬರೆದ ತನ್ನ ಮುಖ. ಅದರಲ್ಲಿ ನಗುವಿಲ್ಲ, ಎದುರಿಗಿರುವವರನ್ನು ನೆಟ್ಟಗೆ ನೋಡುವ ಎರಡು ಕಣ್ಣು. ಹನ್ನೆರಡು ಜನ ವಿದ್ಯಾರ್ಥಿಗಳಲ್ಲಿ ಪುಟವನ್ನು ಮೊದಲು ಮುಗಿಸಿದವಳು ಅವಳೇ. ಆಗ ಕನ್ನಡದಲ್ಲಿ ಟೈಪು ಮಾಡಿ ಹಾಕಿದರೆ ಬೇರೆಯವರ ಕಂಪ್ಯೂಟರಿನಲ್ಲಿ ಇರುವೆ ಸಾಲಿನಂತೆ ಕಾಣುತ್ತಿತ್ತು. ಅದಕ್ಕೇ ತನ್ನ ಹೆಸರು, ವಯಸ್ಸು, ತಂದೆಯ ಹೆಸರು, ಊರು ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೈಯಲ್ಲೇ ಮುದ್ದಾಗಿ ಬರೆದಳು. ಅದನ್ನೂ ಚಿತ್ರಗಳನ್ನೂ ನಾನು ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿ ಫ್ಲಾಪಿಯಲ್ಲಿ ತಂದೆ. ಶಾಲೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕದ ಸೈಬರ್ ಸೆಂಟರಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಟವನ್ನು ಲೋಕಕ್ಕೆ ಏರಿಸಿದೆ. ಪಾಸ್‌ವರ್ಡನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ.

ಹಳೆಯ ಕಾಲದವರು ಕಲ್ಲಿನ ಮೇಲೆ ಬರೆಸುತ್ತಿದ್ದರು. ಬರೆಸಿ, ದಾರಿಹೋಕರೆಲ್ಲ ನೋಡುವಲ್ಲಿ ನಿಲ್ಲಿಸುತ್ತಿದ್ದರು. ನಮ್ಮ ಸೀಮೆಯ ಹೊಲಗದ್ದೆಗಳಲ್ಲಿ ಅಂಥವು ಈಗಲೂ ಇವೆ. ಮೇಲೆ ಸೂರ್ಯ ಚಂದ್ರ, ಕೊನೆಯಲ್ಲಿ ಶಾಪ. ಇದನ್ನು ಕೆಡಿಸಿದವನು ಹುಳುವಾಗಿ ಹುಟ್ಟಲಿ, ನರಕಕ್ಕೆ ಹೋಗಲಿ ಎಂದು. ಬಯಲಲ್ಲಿ ಇಟ್ಟದ್ದಕ್ಕೆ ಕಾವಲಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಶಾಪ ಹಾಕಲಿಲ್ಲ. ಅದರ ಬದಲು ಪುಟದ ಕೊನೆಗೆ, ಎಷ್ಟು ಸಲ ನೋಡಿದ್ದಾರೆಂದು ಎಣಿಸುವ ಒಂದು ಪುಟ್ಟ ಡಬ್ಬಿ ಹಾಕಿದೆ. ಆಗ ಅದೇ ಫ್ಯಾಷನ್ನು. ಅದು ಏಳಕ್ಕೆ ಬಂದಾಗ ಪುಟವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಮನೆಯಲ್ಲಿ ತೋರಿಸು ಎಂದು ನಾಗರತ್ನಳ ಕೈಗೆ ಕೊಟ್ಟೆ.

ಮುಂದಿನ ತರಗತಿಗೆ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಪ್ರಿನ್ಸಿಪಾಲರು ಬ್ರಷ್ ತೊಳೆಯುತ್ತ, “ಆ ಹುಡುಗಿ ಅಪ್ಪ ಬಂದಿದ್ರಮ್ಮ. ಗುರುವಾರ ನಿನ್ನನ್ನೇ ನೋಡ್ಬೇಕಂತೆ” ಎಂದರು. ಯಾಕಂತೆ ಎಂದೂ ಕೇಳದೆ ಚೀಲ ಎತ್ತಿಕೊಂಡೆ.

ನೇರವಾಗಿ ಸೈಬರ್ ಸೆಂಟರಿಗೆ ಓಡಿದೆ. ಪುಟವನ್ನು ಅಳಿಸಿಬಿಟ್ಟರೆ ಪೀಡೆ ಕಳೆಯುತ್ತದಲ್ಲ! ಪರ್ಸು ಹುಡುಕಿದೆ, ಪುಸ್ತಕ ಕೊಡವಿದೆ; ಟಿಕೆಟ್ ಇರಲಿಲ್ಲ. ಪಾಸ್‌ವರ್ಡ್ ಮರೆತವರಿಗೆ ಅದನ್ನು ಈಮೇಲಿಗೆ ಕಳಿಸುವ ವ್ಯವಸ್ಥೆಯೇನೋ ಇತ್ತು. ಆ ಈಮೇಲಿನ ಪಾಸ್‌ವರ್ಡೂ ಅದೇ ಟಿಕೆಟ್ಟಿನ ಮೇಲಿತ್ತು. ಡಬ್ಬಿಯಲ್ಲಿ ಒಂಬತ್ತು ಎಂದಿತ್ತು. ಗಾಬರಿಯಾಗಿ ಮತ್ತೆ ತೆರೆದೆ, ಹತ್ತಾಯಿತು. ಯಾರಾದರೂ ನೋಡಿಬಿಟ್ಟರೋ ಎಂದು ನಾನು ನೋಡಿದಾಗಲೆಲ್ಲ ಯಾರೋ ನೋಡಿದಂತೆ ಲೆಕ್ಕವಾಗುತ್ತಿತ್ತು. ಗುರುವಾರದ ಹೊತ್ತಿಗೆ ಅದು ಮೂವತ್ತೊಂದಕ್ಕೆ ಏರಿತು.

ಚಿಕ್ಕಮಾದಯ್ಯನವರು ಖಾಕಿ ಅಂಗಿಯಲ್ಲೇ ಬಂದರು. ಜೇಬಿನಿಂದ ಕಟಿಂಗ್ ಪ್ಲೇಯರ್ ಇಣುಕುತ್ತಿತ್ತು. ಕೂತ್ಕೊಳ್ಳಿ ಎಂದರೂ ಕೂರದೆ, ನಾಲ್ಕು ಮಡಿಕೆ ಮಾಡಿದ್ದ ಪ್ರಿಂಟನ್ನು ಮೇಜಿನ ಮೇಲೆ ಬಿಡಿಸಿದರು.

“ಇದ್ನ ಯಾರ್ ಯಾರು ನೋಡ್ತಾರೆ ಮೇಡಮ್ಮೋರೆ?”

“ಯಾರು ಬೇಕಾದ್ರೂ ನೋಡಬಹುದು.”

“ಯಾರ್ ಬೇಕಾದ್ರೂ ಅಂದ್ರೆ? ನಮ್ಮೂರೋರಾ?”

“ಎಲ್ಲ ಊರಿನವರೂ.”

ಅವರು ಕಾಗದದ ತಳಕ್ಕೆ ಬೆರಳಿಟ್ಟರು. “ಇಲ್ಲಿ ಏಳು ಅಂತ ಅದೆ. ಏಳು ಸಲ ನೋಡವ್ರೆ ಅಂತಾಳೆ ನಾಗಿ. ಯಾರು ಅವ್ರು?”

“ಐದು ಸಲ ನಾನೇ. ಒಂದು ಸಲ ನಾಗರತ್ನ.”

“ಇನ್ನೊಬ್ಬ?”

ನಾನು ಮೇಜಿನ ಮೇಲಿದ್ದ ಫ್ಲಾಪಿಯನ್ನು ಅತ್ತಿತ್ತ ಸರಿಸಿದೆ.

“ನನ್ನೆಸ್ರು ಆಕಿದೀರಿ. ಊರೆಸ್ರು ಆಕಿದೀರಿ. ಮೊಖನೂ ಆಕಿದೀರಿ. ಆ ಇನ್ನೊಬ್ಬ ಬಸ್ ಇಳ್ದು ಲೈನ್‌ಮನ್ ಮನೆ ಎಲ್ಲಿ ಅಂತ ಕೇಳುದ್ರೆ, ಊರಲ್ಲಿ ಯಾರಾರ ತೋರುಸ್ತಾರೆ. ತಗುದ್ಬುಡಿ ಮೇಡಮ್ಮೋರೆ. ತಗುದ್ ಮ್ಯಾಲೆ ಮಗೀನ ಕಳುಸ್ತೀನಿ.”

ಬೈಯುತ್ತಾರೆ, ಕೂಗಾಡುತ್ತಾರೆ ಎಂದು ಬಸ್ಸಿನುದ್ದಕ್ಕೂ ಕಲ್ಪಿಸಿಕೊಂಡು ಬಂದಿದ್ದೆ. ಅವರ ದನಿ ನಡುಗುತ್ತಿತ್ತು. ಆ ನಡುಕ ನನಗೆ ಹೊಸದಲ್ಲ. ನನ್ನ ಗಂಟಲಿನಲ್ಲಿ ದಿನವೂ ಇರುವಂಥದೇ. ಆಗಲಾದರೂ ನಿಜ ಹೇಳಬಹುದಿತ್ತು.

“ತೆಗೆದಾಯ್ತು. ನಿನ್ನೆಯೇ ತೆಗೆದುಬಿಟ್ಟೆ” ಎಂದೆ.

ಅವರ ಹೆಗಲು ಇಳಿಯಿತು. ಕಾಗದ ಮಡಿಸಿ ಕೈ ಮುಗಿದು, “ನಿಮ್ ಮಾತೇ ಸಾಕು” ಎಂದು ಹೊರಟುಹೋದರು.

ಸೋಮವಾರ ನಾಗರತ್ನ ಬಂದಳು. ನನ್ನ ಬಳಿ ನಿಂತು, “ಮಿಸ್, ನಿಜ್ವಾಗ್ಲೂ ತೆಗೆದುಬಿಟ್ರಾ?” ಎಂದಳು. ಹೂಂ ಎಂದೆ. ಅವಳು ಹೋಗಿ ತನ್ನ ಜಾಗದಲ್ಲಿ ಕುಳಿತಳು. ಅಂದು ಕೀಬೋರ್ಡ್ ಮುಟ್ಟಲಿಲ್ಲ. ಪೆನ್ಸಿಲನ್ನೂ ಹೊರಗೆ ತೆಗೆಯಲಿಲ್ಲ. ಅಪ್ಪನಿಗೆ ನೆಮ್ಮದಿ ಕೊಟ್ಟ ಅದೇ ಸುಳ್ಳು ಮಗಳ ಕೈ ಕಟ್ಟಿಹಾಕಿತ್ತು.

ನನ್ನ ಹೆದರಿಕೆ ಈಗ ಇಮ್ಮಡಿಯಾಯಿತು. ಅದುವರೆಗೆ ಅವಳ ಅಪ್ಪನಿಗೆ ಹೆದರುತ್ತಿದ್ದವಳು, ಈಗ ಅವಳ ಅಪ್ಪ ಹೆದರಿದ್ದಕ್ಕೆಲ್ಲ ಹೆದರತೊಡಗಿದೆ. ಬಸ್ಸಿನಲ್ಲಿ ಗುರುತಿಲ್ಲದ ಗಂಡಸೊಬ್ಬ “ಸೋಸಲೆಗೆ ಬಸ್ ಎಲ್ಲಿ ಸಿಗುತ್ತೆ?” ಎಂದು ಕಂಡಕ್ಟರನ್ನು ಕೇಳಿದರೆ ಸೀಟಿನಿಂದ ಅರ್ಧ ಎದ್ದು ಅವನ ಮುಖ ನೋಡುತ್ತಿದ್ದೆ. ಆತನ ಕೈಯಲ್ಲಿ ಮದುವೆಯ ಕರೆಯೋಲೆಗಳ ಕಟ್ಟು ಕಂಡ ಮೇಲೂ ಪೂರ್ತಿ ಸಮಾಧಾನವಾಗುತ್ತಿರಲಿಲ್ಲ. ಸೋಮವಾರ ಸಂಜೆ ಡಬ್ಬಿಯಲ್ಲಿ ಮೂವತ್ತನಾಲ್ಕು ಇತ್ತು. ಗುರುವಾರ ಮೂವತ್ತೈದು ಇರಬೇಕಿತ್ತು. ಮೂವತ್ತಾರು ಇತ್ತು. ನಡುವೆ ನಾನು ತೆರೆದಿರಲಿಲ್ಲ. ಯಾರೋ ಒಬ್ಬರು, ಎಲ್ಲೋ ಕುಳಿತು, ಆ ಹುಡುಗಿಯ ಮುಖ ನೋಡಿದ್ದರು. ಚಿತ್ರ ಚೆನ್ನಾಗಿದೆಯೆಂದು ನೋಡಿದರೋ, ಬೇರೇನಕ್ಕೋ? ಪರದೆ ಬಿಳಿಚಿಕೊಂಡು ಸುಮ್ಮನಿತ್ತು. ನಾನು ಎದ್ದು, ಚಿಕ್ಕಮಾದಯ್ಯ ಎಲ್ಲಿದ್ದಾರೆಂದು ಕೇಳಿಕೊಂಡು ಸೋಸಲೆ ರಸ್ತೆಯಲ್ಲಿ ನಡೆದೆ.

ಅವರು ಕಂಬದ ಮೇಲಿದ್ದರು. “ಅಲ್ಲೇ ನಿಂತ್ಕಳಿ ಮೇಡಮ್ಮೋರೆ! ತಂತಿ ಕೆಳಕ್ಕೆ ಬರ್ಬ್ಯಾಡಿ!” ಎಂದು ಮೇಲಿನಿಂದಲೇ ಕೂಗಿದರು. ಇಳಿದು ಬಂದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಪುಟ ಇನ್ನೂ ಇದೆ, ತೆಗೆಯಲು ನನಗೆ ಆಗಲಿಲ್ಲ, ಹೆದರಿ ಸುಳ್ಳು ಹೇಳಿದೆ.

ಅವರು ಬೆವರು ಒರೆಸಿದ ಟವಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ಅಂಗಿ ಜೇಬಿನಿಂದ ಬಿಳಿ ಪಿಂಗಾಣಿಯ ಫ್ಯೂಸೊಂದನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು.

“ಈ ಲೈನಿಂದು. ಕಂಬ ಅತ್ತೋಕ್ ಮುಂಚೆ ನಾನೇ ಕಿತ್ತು ಜೋಬಿಗ್ ಆಕ್ಕತೀನಿ. ‘ಆಫ್ ಮಾಡಿವ್ನಿ, ಅತ್ತಣ್ಣೋ’ ಅಂತ ಯಾರ್ ಏಳುದ್ರೂ ನಂಬಾಕಿಲ್ಲ. ನಂಬ್ದೋರು ಸತ್ತವ್ರೆ. ನಿಮ್ಮನ್ನ ನಂಬ್ಬುಟ್ಟೆ.”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅವರಿಗೇ ಮುಜುಗರವಾಯಿತು.

“ಅಳ್ಬ್ಯಾಡಿ ಸುಮ್ಕಿರಿ. ಈಗ ಅದ್ರ ಫ್ಯೂಸು ಯಾರ್ ತಾವ ಅದೆ?”

“ಯಾರ ಹತ್ರಾನೂ ಇಲ್ಲ. ಪಾಸ್‌ವರ್ಡ್ ಬರ್ಕೊಂಡಿದ್ದ ಚೀಟಿ ಕಳ್ಕೊಂಡುಬಿಟ್ಟೆ.”

“ನಾಗಿನ ಕೇಳುದ್ರಾ?”

ಕೇಳಿರಲಿಲ್ಲ. ಅಷ್ಟು ದಿನ ತಲೆ ಕೆಟ್ಟವಳಂತೆ ಓಡಾಡಿದ್ದೆ. ಪುಟದ ಒಡತಿಯನ್ನು ಒಂದು ಮಾತು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಶಾಲೆಗೆ ಹೋಗಿ ಕೇಳಿದಾಗ ನಾಗರತ್ನ ನನ್ನನ್ನು ವಿಚಿತ್ರವಾಗಿ ನೋಡಿದಳು. “ನಂಗೊತ್ತಲ್ಲ ಮಿಸ್. ಅವತ್ತು ಪಾಸ್‌ವರ್ಡಿಗೆ ಏನ್ ಹಾಕ್ಲಿ ಅಂದ್ರಿ, ನಾನೇ ಅಲ್ವಾ ಹೇಳಿದ್ದು?”

ಮೂವರೂ ಸೈಬರ್ ಸೆಂಟರಿಗೆ ಹೋದೆವು. ನಾಗರತ್ನ ಕುಳಿತಳು, ನಾವು ಹಿಂದೆ ನಿಂತೆವು. ಪುಟ ಮೆಲ್ಲಗೆ, ಮೇಲಿನಿಂದ ಗೇಣುಗೇಣಾಗಿ ತೆರೆದುಕೊಂಡಿತು. ಅವ್ವ ಬಂದಳು, ಅಜ್ಜಿ ಬಂದಳು, ಆಮೇಲೆ ಕಂಬದ ಮೇಲಿನ ಅಪ್ಪ. ಪ್ರಿಂಟಿನಲ್ಲಿ ಮಸಿ ಬಳಿದಂತಿದ್ದ ಚಿತ್ರ ಇಲ್ಲಿ ಗೆರೆಗೆರೆಯೂ ಕಾಣುತ್ತಿತ್ತು. ಕೆಳಗಿನಿಂದ ನೋಡಿ ಬರೆದದ್ದು. ಮುಖಕ್ಕಿಂತ ಎರಡು ಪಾದಗಳೇ ದೊಡ್ಡವು.

“ನನ್ ಅಂಗಾಲು ಒಡ್ದಿರೋದ್ನೂ ಬರ್ದಿದ್ದೀಯಲ್ಲವ್ವ” ಎಂದರು ಚಿಕ್ಕಮಾದಯ್ಯ.

“ಕೆಳಗ್ ನಿಂತಿರೋರ್ಗೆ ಅದೇ ಕಾಣೋದು ಕಣಪ್ಪ. ಎಲ್ಲಿ ಬಿದ್ಬುಡ್ತೀಯೋ ಅಂತ ನೋಡ್ತಾ ನೋಡ್ತಾ ಬರ್ದಿದ್ದು.”

ಅವರು ಬಗ್ಗಿ ಇನ್ನೂ ಹತ್ತಿರದಿಂದ ನೋಡಿದರು. ಅಷ್ಟರಲ್ಲಿ ನಾಗರತ್ನಳ ಮುಖವೂ ಇಳಿದು ಬಂದು ನಮ್ಮಿಬ್ಬರನ್ನೂ ನೆಟ್ಟಗೆ ನೋಡತೊಡಗಿತು. ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: “ಊರು, ನಿನ್ ಹೆಸ್ರು, ಎಲ್ಲ ತೆಗೀತೀನಿ. ಮುಖ ಮಾತ್ರ ಇರ್ಲಿ ಅಪ್ಪ. ಅದು ಫೋಟೊ ಅಲ್ಲ, ನಾನ್ ಬರ್ದಿರೋದು.”

“ಬ್ಯಾಡ ಅನ್ಸುದ್ರೆ ತೆಗಿಯಕ್ ಆಯ್ತದಾ?”

“ಆಯ್ತದೆ.”

“ನಿನ್ ಕೈಯಿಂದ್ಲೇ?”

“ನನ್ ಕೈಯಿಂದ್ಲೇ ಕಣಪ್ಪ.”

“ಇರ್ಲಿ ಬುಡು ಅಂಗಾರೆ.”

ತನ್ನ ಅಂದದ ಕೈಬರಹದ ಸಾಲನ್ನು ಅವಳೇ ಅಳಿಸಿದಳು. ಅಂದಿನಿಂದ ನನ್ನ ಪಾಠದ ಕ್ರಮವೇ ತಿರುಗಿತು. ಏರಿಸುವುದನ್ನು ಕಲಿಸುವ ಮೊದಲು ಇಳಿಸುವುದನ್ನು ಕಲಿಸುತ್ತೇನೆ. “ಇನ್ನೂ ಏನೂ ಏರಿಸೇ ಇಲ್ವಲ್ಲ ಮಿಸ್” ಎಂದು ಹೊಸ ಮಕ್ಕಳು ನಗುತ್ತಾರೆ. ನಗಲಿ. ನನ್ನ ಆ ದಪ್ಪ ಪುಸ್ತಕದ ಯಾವ ಅಧ್ಯಾಯದಲ್ಲೂ ಆ ಪಾಠವಿರಲಿಲ್ಲ.

ಆ ದಿನ ಸೈಬರ್ ಸೆಂಟರಿನಲ್ಲಿ ಇನ್ನೊಂದು ಕೆಲಸ ಉಳಿದಿತ್ತು. ಕಳೆದುಹೋದ ಟಿಕೆಟ್ ಯಾರ ಕೈಗೆ ಸಿಕ್ಕಿದೆಯೋ ಗೊತ್ತಿಲ್ಲ, ಹೊಸ ಪಾಸ್‌ವರ್ಡ್ ಹಾಕಿಕೋ ಎಂದೆ. ನಾಗರತ್ನ ಬೆರಳುಗಳನ್ನು ಕೀಗಳ ಮೇಲಿಟ್ಟು ನಿಲ್ಲಿಸಿದಳು. ಹಿಂದಕ್ಕೆ ತಿರುಗಿ ನಮ್ಮಿಬ್ಬರನ್ನೂ ನೋಡಿದಳು.

“ನೀವಿಬ್ರೂ ಒಸಿ ಆ ಕಡೆ ತಿರುಗಿ” ಎಂದಳು.

ತಿರುಗಿದೆವು. ಪಾಠ ಒಪ್ಪಿಸದ ಮಕ್ಕಳಂತೆ ಇಬ್ಬರೂ ಗೋಡೆಗೆ ಮುಖ ಮಾಡಿ ನಿಂತೆವು. ಹಿಂದೆ ಒಂದೊಂದೇ ಕೀ ಒತ್ತುವ ಸದ್ದು ಕೇಳುತ್ತಿತ್ತು.

“ಮೇಡಮ್ಮೋರೆ,” ಚಿಕ್ಕಮಾದಯ್ಯ ಪಿಸುಗುಟ್ಟಿದರು, “ನಿಮ್ಗೆ ಎದ್ರಿಕೆ ಆಯ್ತಾ ಅದಾ?”

“ಆಗ್ತಿದೆ.”

“ನಂಗೂವೆ.”

ಆದರೂ ಇಬ್ಬರೂ ತಿರುಗಿ ನೋಡಲಿಲ್ಲ.