ರೊಟ್ಟಿ ಬಡಿಯದ ಮನೆ

ಬೆಳಿಗ್ಗೆ ಎಂಟೂವರೆಗೆ, ರೊಟ್ಟಿಯ ಮುಂದೆ ಕುಳಿತಾಗ, ನನ್ನ ತಮ್ಮ ಸಂಗಪ್ಪನ ಬಾಯಿ ತೆರೆಯಲಿಲ್ಲ.

ನಾವು ನಕ್ಕೆವು.

ಹತ್ತು ದಿನ ಮೊದಲು, ತಾಂಡೂರಿನ ನಮ್ಮ ಮನೆಯ ಹಿಂದೆ, ಟಾಂಗಾ ನಿಲ್ಲುವ ಬಯಲಿಗೆ ಟೆಂಟ್ ಸಿನಿಮಾ ಬಂದಿತ್ತು. ಒಬ್ಬ ದಪ್ಪ, ಒಬ್ಬ ಸಣಕಲ. ಇಬ್ಬರೂ ಕೈಹಾಕಿದ್ದೆಲ್ಲ ಕೆಡುವ ಹಳೆಯ ನಗೆಚಿತ್ರ. ಅವ್ವ ನೆಲದ ಮೇಲೆ ಕೂಡಲಾರಳು. ಅವಳ ಹೊರಸನ್ನೇ ಟೆಂಟಿಗೆ ಒಯ್ದಿದ್ದೆವು. ಮರಳುವಾಗ ನಾನು ದಪ್ಪನಾದೆ, ಸಂಗಪ್ಪ ಸಣಕಲ. ಹೊರಸು ಹೊತ್ತು ಬೇಕಂತಲೇ ಎಡವುತ್ತ ಬಂದೆವು. ಒಂದು ಸಲ ಸಂಗಪ್ಪ ನಿಜವಾಗಿಯೇ ಎಡವಿದ. ಹಿಮ್ಮಡಿಗೆ ಕುದುರೆ ಲಾಳದ ಮೊಳೆ ಹೊಕ್ಕಿತು. ಅವ್ವ ಅರಿಶಿನ ಮೆತ್ತಿದಳು. ವಾರದಲ್ಲಿ ಮರೆತೆವು.

ಹಾಗಾಗಿ ಅವನು ಹಲ್ಲು ಕಚ್ಚಿ, ತುಟಿ ಎಳೆದು, ಹುಬ್ಬೇರಿಸಿ ಕೂತಾಗ ಸಣಕಲ ಮತ್ತೆ ಬಂದನೆಂದುಕೊಂಡೆವು.

"ಸಾಕು ಬಿಡೋ ಮಂಗ್ಯಾ, ರೊಟ್ಟಿ ಆರ್ತಾವ," ಎಂದಳು ಅವ್ವ.

ಅವನ ಕಣ್ಣಲ್ಲಿ ನೀರಿತ್ತು.

ದವಾಖಾನೆಯ ಡಾಕ್ಟರ್ ಸಾಹೇಬರು ಬಾಯಿ ನೋಡಿದವರೇ ಗಾಯ ಎಲ್ಲಿ ಎಂದು ಕೇಳಿದರು. ಹಿಮ್ಮಡಿ ತೋರಿಸಿದೆ.

"ಟೆಟನಸ್."

ಹೈದರಾಬಾದಿನ ಕಾಲೇಜಿನಲ್ಲಿ ಆ ಹೆಸರು ಓದಿದ್ದೆ. ಅದಕ್ಕೆ ನಗುಮುಖವಿರುತ್ತದೆಂದು ತಿಳಿದಿರಲಿಲ್ಲ.

ಹೈದರಾಬಾದಿಗೆ ತಂತಿ ಕೊಟ್ಟು ತರಿಸಿದ ಸೀರಮ್ ಎಂಬ ಮದ್ದು ಮರುದಿನದ ರೈಲಿಗೆ ಬಂತು. ಇಂಜೆಕ್ಷನ್ ಕೊಟ್ಟು ಡಾಕ್ಟರ್ ಹೇಳಿದರು: "ವಾರ್ಡಿನ್ಯಾಗ ಗದ್ದಲ ಭಾಳ. ಮನ್ಯಾಗ ಕತ್ತಲ ಕೋಣ್ಯಾಗ ಇಡ್ರಿ, ನಾ ಬಂದು ನೋಡ್ತೀನಿ. ಸಪ್ಪಳ ಆಗಬಾರದ್ರಿ. ಸಪ್ಪಳಕ್ಕ ಮೈ ಸೆಟೆದು ಉಸಿರು ಹಿಡಿದ್ರ ನನ್ನ ಕೈಯಾಗ ಏನೂ ಇಲ್ಲ."

ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟಳು. ನುಚ್ಚು ಕುದಿಸಿದಳು, ಅದನ್ನೂ ಕಟ್ಟಿಗೆಯ ಸೌಟಿನಿಂದ ತಿರುವಿದಳು. ನಾವು ಸನ್ನೆಯಲ್ಲಿ ಮಾತಾಡಿದೆವು. ಹುಟ್ಟಿದಾಗಿನಿಂದ ಕೇಳಿದ ಆ ಪಟಪಟ ಸಪ್ಪಳ ನಿಂತ ಮೇಲೆ, ಮನೆಯಲ್ಲಿ ಆಗಲೇ ಯಾರೋ ಹೋದಂತಿತ್ತು.

ಸಂಜೆ ಟೆಂಟಿನಲ್ಲಿ ಜನ ಗೊಳ್ಳೆಂದು ನಕ್ಕರು.

ಸಂಗಪ್ಪನ ಮೈ ಬಿಲ್ಲಾಯಿತು. ತಲೆ, ಹಿಮ್ಮಡಿ ಮಾತ್ರ ಹೊರಸಿಗೆ ತಾಗಿದ್ದವು. ಹೊರಗೆ ಊರು ನಗುತ್ತಿತ್ತು. ಒಳಗೆ ಅವನ ಮುಖದ ಮೇಲೂ ನಗು. ಉಸಿರು ಮರಳಿದ ಮೇಲೆ ಟೆಂಟಿನ ಮ್ಯಾನೇಜರನ ಬಳಿಗೆ ಓಡಿದೆ.

"ನಗಸೋ ಪಿಚ್ಚರ್ ಹಚ್ಚಿ ನಗಬ್ಯಾಡ್ರಿ ಅಂದ್ರ ಮಂದಿ ನನ್ನ ಬಡೀತಾರ್ರಿ," ಎಂದ ಆತ. ನನ್ನ ಮುಖ ನೋಡಿ ರೀಲಿನ ಡಬ್ಬಿಗಳ ಕಡೆ ತಿರುಗಿದ. "ಅಳಸೋ ಪಿಚ್ಚರ್ ಒಂದದರಿ. ನಾಳಿಂದ ಅದೇ ಹಾಕ್ತೀನಿ. ಅಳೂ ಮಂದಿ ಒದರೂದಿಲ್ಲ."

ಮರುಸಂಜೆಯಿಂದ ಮೂಗು ಎಳೆಯುವ ಸದ್ದಷ್ಟೇ ಕೇಳಿತು. ಆದರೂ ಮೈ ಸೆಟೆಯುವ ಸೆಳೆತ ಬರುತ್ತಿತ್ತು. ಪ್ರತಿ ಸಲವೂ ಅವನ ಎದೆ ಏಳುವವರೆಗೆ ನಾನೂ ಉಸಿರು ಬಿಡುತ್ತಿರಲಿಲ್ಲ. ದಿನ ಕಳೆದಂತೆ ಸೆಳೆತ ವಿರಳವಾಯಿತು. ಈಗಲೂ ಯಾರಾದರೂ ಹಲ್ಲು ಬಿಟ್ಟು ನಕ್ಕರೆ ನನ್ನ ಕಣ್ಣು ಅವರ ದವಡೆಗೆ ಹೋಗುತ್ತದೆ.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಸಪ್ಪಳಕ್ಕೆ ಗಾಬರಿಯಾಗಿ ಎದ್ದೆ. ಬಿಸಿಲು ಏರಿತ್ತು. ಸೆಳೆತ ಬಾರದೆ ಇಡೀ ರಾತ್ರಿ ಮನೆಯಲ್ಲಿ ಯಾರಿಗೂ ಎಚ್ಚರವಾಗಿರಲಿಲ್ಲ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು.

ಕೋಣೆಗೆ ಓಡಿದೆ. ಸಂಗಪ್ಪ ಮಗ್ಗುಲಾಗಿ, ಸಡಿಲವಾಗಿ ಮಲಗಿದ್ದ. ಕಣ್ಣು ತೆರೆದ. ಬಾಯಿ ಎರಡು ಬೆರಳು ಹಿಡಿಯುವಷ್ಟು ತೆರೆಯಿತು.

"ಅವ್ವಗ ಹೇಳು," ಎಂದ, "ನಂದೂ ಒಂದು ಬಡಿ ಅಂತ."